ಆಹಾರ–ಪೋಷಣೆ ಓದಬೇಕು, ಕೈಯಲ್ಲಿ ದುಡ್ಡು ಕಡಿಮೆ: ತಲಪಾಡಿ ಗಡಿಯ ಆಚೆಗೂ ಈಚೆಗೂ ಒಂದು ಲೆಕ್ಕ

ಪ್ಲಸ್ ಟು ಫಲಿತಾಂಶ ಬಂದ ಸಂಜೆಯೇ ಕಾಸರಗೋಡಿನ ನೀರ್ಚಾಲಿನಿಂದ ಅಕ್ಕನ ಫೋನು. “ಮಗಳಿಗೆ ನಿನ್ನ ಹಾಗೆ ಡಯಟೀಷಿಯನ್ ಆಗ್ಬೇಕಂತೆ. ಎಲ್ಲಿಗೆ ಸೇರಿಸುದು? ಲಕ್ಷಗಟ್ಟಲೆ ಕೊಡ್ಲಿಕ್ಕೆ ನಮ್ಮಿಂದ ಆಗುದಿಲ್ಲ. ಅಡಿಕೆಗೆ ಕೊಳೆರೋಗ ಬಂದದ್ದು ನಿನಗೇ ಗೊತ್ತುಂಟಲ್ಲ.”

“ಅವಳು ಕರ್ನಾಟಕದ ಸಿಇಟಿ ಬರೆದಿದ್ದಾಳಾ ಅಕ್ಕ?” ಎಂದು ಕೇಳಿದೆ.

“ಅದು ಇಂಜಿನಿಯರಿಂಗಿನವರಿಗೆ ಅಲ್ವಾ?”

ಸಿಇಟಿ ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಲ್ಲಿಯ ಕೃಷಿ ವಿಶ್ವವಿದ್ಯಾಲಯಗಳ ಸೀಟು ಸಿಗುವುದೂ ಅದರಿಂದಲೇ. ಅಲ್ಲಿಗೆ ಒಂದು ಬಾಗಿಲು ಮುಚ್ಚಿದ ಹಾಗಾಯಿತು. ಅದೂ ಫೀಸು ಕಡಿಮೆ ಇರುವ ಬಾಗಿಲು. ಕಾಸರಗೋಡಿನ ಕನ್ನಡದ ಮಕ್ಕಳಿಗೆ ಎರಡು ರಾಜ್ಯಗಳ ಕಾಲೇಜುಗಳೂ ತೆರೆದಿರುತ್ತವೆ, ಆದರೆ ಎರಡರ ಕ್ಯಾಲೆಂಡರ್ ಬೇರೆ ಬೇರೆ. ಕೇರಳದ್ದು ಫಲಿತಾಂಶ ಬಂದ ಮೇಲೆ ಶುರುವಾಗುತ್ತದೆ. ಕರ್ನಾಟಕದ ಸಿಇಟಿಗೆ ಸಾಮಾನ್ಯವಾಗಿ ಜನವರಿ–ಫೆಬ್ರವರಿಯಲ್ಲೇ ಅರ್ಜಿ, ಏಪ್ರಿಲಿನಲ್ಲಿ ಪರೀಕ್ಷೆ. ನಮ್ಮವರು ಎಚ್ಚರಾಗುವುದು ಮೇ ತಿಂಗಳಲ್ಲಿ. ಪ್ರತಿ ವರ್ಷ ಇದೇ ಕತೆ. ಮಂಗಳೂರಿನ ಆಸ್ಪತ್ರೆಯೊಂದರ ಡಯಟ್ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಆ ತಿಂಗಳಲ್ಲಿ ಬರುವ ಫೋನುಗಳಿಗೆಲ್ಲ ಕೊಡುವ ಉತ್ತರವನ್ನು ಒಂದು ಸಲ ಬರೆದಿಟ್ಟುಬಿಡುತ್ತೇನೆ.

ಮೊದಲು ಹೆಸರು ನೋಡಿ, ಆಮೇಲೆ ಫೀಸು

“ಫುಡ್ ಕೋರ್ಸ್” ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅದರೊಳಗೆ ಮೂರು ದಾರಿಗಳಿವೆ, ಅವು ಬೇರೆ ಬೇರೆ ಕೆಲಸಗಳ ಕಡೆಗೆ ಹೋಗುತ್ತವೆ.

ಒಂದು, ನ್ಯೂಟ್ರಿಷನ್ ಮತ್ತು ಡಯಟೆಟಿಕ್ಸ್. ಆಸ್ಪತ್ರೆಯ ದಾರಿ. ಡಯಾಲಿಸಿಸ್ ರೋಗಿಗೆ ಎಳನೀರು ಯಾಕೆ ಬೇಡ, ಮೂಗಿನ ನಳಿಗೆಯಲ್ಲಿ ಆಹಾರ ಕೊಡುವಾಗ ಎಷ್ಟು ಹೊತ್ತಿಗೆ ಎಷ್ಟು ಮಿಲಿ ಲೀಟರು, ಗರ್ಭಿಣಿಗೆ ಸಕ್ಕರೆ ಏರಿದರೆ ಬೆಳಗ್ಗಿನ ತಿಂಡಿ ಏನು, ಇವೆಲ್ಲ ಇದರಲ್ಲಿ ಬರುತ್ತವೆ.

ಎರಡು, ಹೋಂ ಸೈನ್ಸ್. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಈಗ ಇದರ ಹೆಸರು ಕಮ್ಯುನಿಟಿ ಸೈನ್ಸ್. ಪೋಷಣೆಯ ಜೊತೆ ಮಕ್ಕಳ ಬೆಳವಣಿಗೆ, ಬಟ್ಟೆ, ಕುಟುಂಬ ಸಂಪನ್ಮೂಲ, ವಿಸ್ತರಣಾ ಕೆಲಸ ಎಲ್ಲವೂ ಸ್ವಲ್ಪ ಸ್ವಲ್ಪ ಇರುತ್ತದೆ. “ಅಡುಗೆ ಕಲೀಲಿಕ್ಕೆ ಕಾಲೇಜು ಯಾಕೆ” ಎಂದು ನನ್ನ ಅಜ್ಜ ನಕ್ಕದ್ದು ಇದಕ್ಕೇ. ಅಂಗನವಾಡಿ, ಮಹಿಳಾ ಮತ್ತು ಮಕ್ಕಳ ಇಲಾಖೆ, ಶಾಲೆ, ಪಂಚಾಯತಿನ ಕಡೆ ಹೋಗುವವರಿಗೆ ಇದು ಒಳ್ಳೆಯ ಅಡಿಪಾಯ. ಹೋಂ ಸೈನ್ಸ್ ಓದಿ, ಎಂಎಸ್ಸಿಯಲ್ಲಿ ಪೋಷಣೆ ಹಿಡಿದು ಆಸ್ಪತ್ರೆಗೆ ಬಂದವರೂ ಬೇಕಾದಷ್ಟು ಇದ್ದಾರೆ. ನಾನು ಅವರಲ್ಲಿ ಒಬ್ಬಳು.

ಮೂರು, ಫುಡ್ ಟೆಕ್ನಾಲಜಿ ಅಥವಾ ಫುಡ್ ಸೈನ್ಸ್. ಇದು ಕಾರ್ಖಾನೆಯ, ಪ್ರಯೋಗಾಲಯದ ದಾರಿ. ಹಲಸಿನ ಚಿಪ್ಸಿಗೆ ಯಾವ ಎಣ್ಣೆ, ಯಾವ ಪ್ಯಾಕೆಟ್, ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದು ಇಲ್ಲಿಯ ಪ್ರಶ್ನೆ. ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ತೆಂಗಿನ ಹೊಂಬಾಳೆಯಿಂದ ತೆಗೆದ ರಸವನ್ನು ಹುಳಿಯಾಗಲು ಬಿಡದೆ ‘ಕಲ್ಪರಸ’ ಮಾಡಿದ್ದಾರಲ್ಲ, ಆ ಬಗೆಯ ಕೆಲಸ. ಮನೆಯಲ್ಲಿ ತೋಟ ಇದ್ದು, ಏನಾದರೂ ಮಾಡಿ ಮಾರಬೇಕು ಎಂಬ ಕನಸಿರುವ ಮಕ್ಕಳಿಗೆ ಇದನ್ನೇ ಹೇಳುತ್ತೇನೆ.

ಹೆಸರಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆಂದರೆ, ಕೆಲಸದ ಅಧಿಸೂಚನೆ ಓದುವವರು ಸರ್ಟಿಫಿಕೇಟಿನ ಮೇಲಿನ ಹೆಸರನ್ನೇ ಓದುತ್ತಾರೆ. ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಯನ್ನೇ ನೋಡಿ. 2011ರ ಆಹಾರ ಸುರಕ್ಷತಾ ನಿಯಮಗಳು ಅದಕ್ಕೆ ಹೆಸರಿಸಿದ ವಿಷಯಗಳಲ್ಲಿ ಫುಡ್ ಟೆಕ್ನಾಲಜಿ, ಡೈರಿ ಟೆಕ್ನಾಲಜಿ, ಬಯೋಟೆಕ್ನಾಲಜಿ, ಕೃಷಿ ವಿಜ್ಞಾನ, ಪಶುವೈದ್ಯ, ಬಯೋಕೆಮಿಸ್ಟ್ರಿ, ಮೈಕ್ರೊಬಯಾಲಜಿ ಇವೆ. ಪೋಷಣೆ ಎಂಬ ಹೆಸರಿನ ವಿಷಯ ಅದರಲ್ಲಿಲ್ಲ. ನ್ಯೂಟ್ರಿಷನ್ ಓದಿದ ನನ್ನ ಸಹಪಾಠಿಯೊಬ್ಬಳು ಇದನ್ನು ತಿಳಿದದ್ದು ಅರ್ಜಿ ತುಂಬುವಾಗ.

ಡಯಟೀಷಿಯನ್ ಆಗಬೇಕೆನ್ನುವವರು ಇನ್ನೊಂದನ್ನು ಮೊದಲೇ ತಿಳಿದಿರಬೇಕು. ಬಿಎಸ್ಸಿಯಿಂದ ದಾರಿ ಮುಗಿಯುವುದಿಲ್ಲ. ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ‘ರಿಜಿಸ್ಟರ್ಡ್ ಡಯಟೀಷಿಯನ್’ ಪರೀಕ್ಷೆಗೆ ಎಂಎಸ್ಸಿ ಅಥವಾ ಪಿಜಿ ಡಿಪ್ಲೊಮಾ, ಅದರ ಮೇಲೆ ಆಸ್ಪತ್ರೆಯ ಇಂಟರ್ನ್‌ಷಿಪ್ ಬೇಕು. 2021ರಲ್ಲಿ ಬಂದ ಅಲೈಡ್ ಹೆಲ್ತ್ ಕಾಯ್ದೆಯಲ್ಲಿ ಡಯಟೀಷಿಯನ್ ಮತ್ತು ನ್ಯೂಟ್ರಿಷನಿಸ್ಟ್ ಎರಡೂ ಹೆಸರಿಸಿದ ವೃತ್ತಿಗಳು, ಹಾಗಾಗಿ ಬರಬರುತ್ತಾ ಬಿಗಿಯಾಗುವುದೇ ಹೊರತು ಸಡಿಲಾಗುವುದಿಲ್ಲ. ಇರುವ ದುಡ್ಡನ್ನೆಲ್ಲ ಮೊದಲ ಮೂರು ವರ್ಷಕ್ಕೇ ಸುರಿದರೆ ಆಮೇಲೆ ಕೈಕಟ್ಟಿ ಕೂರಬೇಕಾಗುತ್ತದೆ. ಐದು ವರ್ಷದ ಲೆಕ್ಕ ಹಾಕಿ.

ಮನೆಯಲ್ಲೇ ಕೂತು ಓದಬಹುದಾ?

ಮದುವೆಯಾದವರು, ಕೆಲಸದಲ್ಲಿರುವವರು ಕೇಳುವ ಪ್ರಶ್ನೆ. ಹಿಂದೆ ಹೂಂ ಅನ್ನುತ್ತಿದ್ದೆ. ಈಗ ಇಲ್ಲ. ಫುಡ್ ಆ್ಯಂಡ್ ನ್ಯೂಟ್ರಿಷನ್ ಸೈನ್ಸ್, ಕ್ಲಿನಿಕಲ್ ನ್ಯೂಟ್ರಿಷನ್, ಡಯಟೆಟಿಕ್ಸ್ ಇವುಗಳನ್ನು 2025ರ ಜುಲೈ–ಆಗಸ್ಟ್ ಸಾಲಿನಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ನಡೆಸಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ವಿಶ್ವವಿದ್ಯಾಲಯಗಳಿಗೆ ತಾಕೀತು ಮಾಡಿದೆ. ಮೈಕ್ರೊಬಯಾಲಜಿ, ಸೈಕಾಲಜಿ, ಬಯೋಟೆಕ್ನಾಲಜಿಗಳಿಗೂ ಅದೇ ಗತಿ. “ಮನೆಯಿಂದಲೇ ಬಿಎಸ್ಸಿ ನ್ಯೂಟ್ರಿಷನ್, ಯುಜಿಸಿ ಅಂಗೀಕೃತ” ಎಂದು ಈಗಲೂ ವಾಟ್ಸಾಪಿನಲ್ಲಿ ಬರುತ್ತಿದ್ದರೆ ಅಳಿಸಿಬಿಡಿ.

ಆರು ತಿಂಗಳ ಸರ್ಟಿಫಿಕೇಟು ಬೇರೆ ಮಾತು. ತಿಳಿವಳಿಕೆಗೆ ಓದುವುದಾದರೆ ತಪ್ಪಿಲ್ಲ, ಪದವಿ ಎಂದು ನಂಬಿದರೆ ಮೋಸ. ನಾನೇ ಹಳ್ಳಕ್ಕೆ ಬಿದ್ದವಳು. ಬಿಎಸ್ಸಿ ಮುಗಿಸಿದ ವರ್ಷ ಪಟ್ಟಣದ ಒಂದು ಸಂಸ್ಥೆಗೆ ₹18,000 ಕಟ್ಟಿ ‘ಕ್ಲಿನಿಕಲ್ ಡಯಟೀಷಿಯನ್’ ಎಂದು ಚಿನ್ನದ ಅಕ್ಷರದಲ್ಲಿ ಬರೆದ ಸರ್ಟಿಫಿಕೇಟು ತಂದೆ. ಮೊದಲ ಸಂದರ್ಶನದಲ್ಲಿ ಅವರು ಅದನ್ನು ತಿರುಗಿಸಿ ಹಿಂಭಾಗ ನೋಡಿದರು, ಮತ್ತೆ ಮುಂಭಾಗ ನೋಡಿದರು, “ವಿಶ್ವವಿದ್ಯಾಲಯ ಯಾವುದಮ್ಮ?” ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ದಿನಾ ಹೋಗಿ ಬರುವ ದೂರದಲ್ಲಿ

ಕಾಸರಗೋಡು ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಕಾಲೇಜು, ಪಡನ್ನಕ್ಕಾಡಿನ ನೆಹರೂ ಕಾಲೇಜು ನಮ್ಮ ಮಕ್ಕಳು ಹೆಚ್ಚಾಗಿ ಸೇರುವ ಜಾಗಗಳು. ಎಲ್ಲವೂ ಕಣ್ಣೂರು ವಿಶ್ವವಿದ್ಯಾಲಯದ ಕೆಳಗೆ, ಪ್ರವೇಶ ಏಕಗವಾಕ್ಷಿಯಲ್ಲಿ. ಪೋಷಣೆಯನ್ನೇ ಓದಬೇಕೆನ್ನುವ ಕುಂಬಳೆ, ಉಪ್ಪಳ, ಮಂಜೇಶ್ವರದವರ ಕಣ್ಣು ಮಾತ್ರ ತಲಪಾಡಿ ದಾಟಿದ ಕಡೆಗೇ. ಮಂಗಳೂರು, ದೇರಳಕಟ್ಟೆಯ ಖಾಸಗಿ ಕಾಲೇಜುಗಳಲ್ಲಿ ಫುಡ್, ನ್ಯೂಟ್ರಿಷನ್ ಹೆಸರಿನ ಕೋರ್ಸುಗಳು ಸಿಗುತ್ತವೆ. ಫೀಸಿನ ವ್ಯತ್ಯಾಸ ಎಷ್ಟೆಂದರೆ, ಒಂದೇ ರಸ್ತೆಯ ಎರಡು ಕಾಲೇಜುಗಳ ಪಟ್ಟಿಯನ್ನು ಪಕ್ಕ ಪಕ್ಕ ಇಟ್ಟರೆ ಒಂದು ಇನ್ನೊಂದರ ಎರಡು ಪಟ್ಟು ಕಾಣುವುದೂ ಉಂಟು.

ಮಂಗಳೂರಿನ ದೊಡ್ಡ ಲಾಭ ಆಸ್ಪತ್ರೆಗಳು. ನಮ್ಮ ಜಿಲ್ಲೆಯ ರೋಗಿಗಳೆಲ್ಲ ಅಲ್ಲಿಗೇ ಹೋಗುವುದರಿಂದ, ಇಂಟರ್ನ್‌ಷಿಪ್ ಮಾಡುವ ಹುಡುಗಿಗೆ ವಾರ್ಡಿನಲ್ಲಿ ಸಿಗುವವರು ನಮ್ಮ ಊರಿನವರೇ. ಕನ್ನಡ, ತುಳು, ಮಲಯಾಳ ಮೂರೂ ಬರುವವಳಿಗೆ ಅಲ್ಲಿ ಸಿಗುವ ಬೆಲೆ ಪ್ರಾಸ್ಪೆಕ್ಟಸಿನಲ್ಲಿ ಬರೆದಿರುವುದಿಲ್ಲ. ಬ್ಯಾರಿ ಭಾಷೆಯೂ ಬಂದರೆ ಇನ್ನೂ ಒಳ್ಳೆಯದು.

ಕಷ್ಟ ಪ್ರಯಾಣದ್ದು. ಕೇರಳದೊಳಗೆ ಖಾಸಗಿ ಬಸ್ಸಿನಲ್ಲಿ ಸಿಗುವ ವಿದ್ಯಾರ್ಥಿ ರಿಯಾಯಿತಿ ಗಡಿ ದಾಟಿದ ಮೇಲೆ ಇಲ್ಲ. ರೈಲಿನ ವಿದ್ಯಾರ್ಥಿ ಸೀಸನ್ ಟಿಕೆಟ್ ಅಗ್ಗ, ಆದರೆ ಕುಂಬಳೆ, ಮಂಜೇಶ್ವರ ಸ್ಟೇಷನಿನ ಹತ್ತಿರದವರಿಗೆ. ಪೆರ್ಲ, ಅಡೂರು, ಮುಳ್ಳೇರಿಯದ ಮಕ್ಕಳಿಗೆ ದಿನಕ್ಕೆ ಎರಡೆರಡು ಬಸ್ಸು ಬದಲಿಸುವುದರಲ್ಲೇ ಆಯುಷ್ಯ ಹೋಗುತ್ತದೆ. ಅವರು ಹಾಸ್ಟೆಲಿನ ಲೆಕ್ಕವನ್ನೇ ಹಾಕಬೇಕು. ಒಮ್ಮೆ ಹಾಸ್ಟೆಲು ಎಂದಾದ ಮೇಲೆ ಮಂಗಳೂರೇ ಯಾಕೆ ಎಂಬ ಪ್ರಶ್ನೆಯೂ ಬರುತ್ತದೆ.

ದಕ್ಷಿಣಕ್ಕೆ ರಾತ್ರಿ ರೈಲು

ಕೇರಳದ ಹಳೆಯ ಹೋಂ ಸೈನ್ಸ್ ವಿಭಾಗಗಳು ದಕ್ಷಿಣದಲ್ಲಿವೆ. ತಿರುವನಂತಪುರದ ಸರಕಾರಿ ಮಹಿಳಾ ಕಾಲೇಜು, ಎರ್ನಾಕುಳಂನ ಸೇಂಟ್ ತೆರೇಸಾ, ಅಂಗಮಾಲಿಯ ಮಾರ್ನಿಂಗ್ ಸ್ಟಾರ್. ಮಾವೇಲಿ ರೈಲಿನಲ್ಲೋ ಮಲಬಾರ್ ರೈಲಿನಲ್ಲೋ ರಾತ್ರಿ ಕಳೆದರೆ ಬೆಳಗ್ಗೆ ಅಲ್ಲಿ. ಸರಕಾರಿ ಕಾಲೇಜಿನ ಫೀಸು ನಿಜಕ್ಕೂ ಕಡಿಮೆ, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ ಇ–ಗ್ರಾಂಟ್ಸ್ ವಿದ್ಯಾರ್ಥಿವೇತನ ಕೂಡ ಇದೆ.

ಅನುದಾನಿತ ಕಾಲೇಜಿನಲ್ಲಿ ಮಾತ್ರ ಒಂದು ಗುಂಡಿ ಇದೆ. ಒಂದೇ ಗೇಟು, ಒಂದೇ ಪ್ರಿನ್ಸಿಪಾಲರು, ಒಳಗೆ ಎರಡು ದರ. ಅನುದಾನಿತ ಕೋರ್ಸಿನ ಮೆರಿಟ್ ಸೀಟಿಗೆ ಸರಕಾರಿ ದರದ ಫೀಸು. ಅದೇ ಕಟ್ಟಡದ, ಅನುದಾನವಿಲ್ಲದ ಸೆಲ್ಫ್ ಫೈನಾನ್ಸಿಂಗ್ ಕೋರ್ಸಿಗೆ ಅದರ ಎಷ್ಟೋ ಪಟ್ಟು. ಹೊಸ ಕಾಲದ ಆಕರ್ಷಕ ಹೆಸರಿನ ಕೋರ್ಸುಗಳು ಹೆಚ್ಚಾಗಿ ಎರಡನೆಯ ಗುಂಪಿನಲ್ಲಿರುತ್ತವೆ. “ಕಾಲೇಜು ಏಡೆಡ್ಡಾ?” ಎಂದು ಕೇಳಿದರೆ “ಹೌದು” ಎಂದೇ ಹೇಳುತ್ತಾರೆ, ಸುಳ್ಳೇನಲ್ಲ. “ಈ ಕೋರ್ಸು ಏಡೆಡ್ಡಾ?” ಎಂದು ಕೇಳಬೇಕು.

2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಬಂದಿದೆ. ಹೆದರಬೇಕಾಗಿಲ್ಲ, ಮೂರನೆಯ ವರ್ಷಕ್ಕೆ ಪದವಿ ತೆಗೆದುಕೊಂಡು ಹೊರಡಬಹುದು, ನಾಲ್ಕನೆಯದು ಆನರ್ಸ್‌ಗೆ. ಕರ್ನಾಟಕ ಅದೇ ವರ್ಷ ನಾಲ್ಕು ವರ್ಷದ್ದನ್ನು ಬಿಟ್ಟು ಮೂರಕ್ಕೆ ಮರಳಿತು. ಗಡಿಯಲ್ಲಿ ಕೂತವರಿಗೆ ಇಂಥ ತಮಾಷೆ ಹೊಸದೇನಲ್ಲ.

ಭಾಷೆಯ ವಿಷಯದಲ್ಲಿ ಮಾತ್ರ ನನಗೆ ಬೇಸರ ಇದೆ. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು ಕೊಚ್ಚಿಗೆ ಹೋದಾಗ ಪಾಠ ಇಂಗ್ಲಿಷು, ಪಾಠದ ನಡುವಿನ ವಿವರಣೆ ಮಲಯಾಳ. ನನಗೆ ಮೊದಲ ಸೆಮಿಸ್ಟರಿನಲ್ಲಿ ಬಯೋಕೆಮಿಸ್ಟ್ರಿಗಿಂತ ಕಷ್ಟವಾದದ್ದು ಅದು. ಆರು ತಿಂಗಳಲ್ಲಿ ಸರಿಹೋಯಿತು, ಆದರೆ ಆ ಆರು ತಿಂಗಳ ಬಗ್ಗೆ ಯಾರೂ ಮೊದಲೇ ಎಚ್ಚರಿಸಿರಲಿಲ್ಲ.

ಯಾರೂ ಹೇಳದ ಬಾಗಿಲು

ಈಗ ಸಿಇಟಿಗೆ ಬರುತ್ತೇನೆ. ಕರ್ನಾಟಕದ ಕೃಷಿ ವಿಶ್ವವಿದ್ಯಾಲಯಗಳ ಸೀಟು ಹಂಚಿಕೆ ಆಗುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿಯ ಮೂಲಕ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕಮ್ಯುನಿಟಿ ಸೈನ್ಸಿಗೇ ಒಂದು ಕಾಲೇಜು ಇದೆ, ಹಿಂದೆ ಅದು ಗ್ರಾಮೀಣ ಗೃಹವಿಜ್ಞಾನ ಕಾಲೇಜು. ನಾಲ್ಕು ವರ್ಷದ ಆನರ್ಸ್ ಪದವಿ, ಸರಕಾರಿ ಸೀಟು, ಹಳ್ಳಿಯಲ್ಲಿದ್ದು ಮಾಡುವ ಕೆಲಸದ ಅನುಭವ ಪಠ್ಯದ ಭಾಗವೇ.

“ನಾವು ಕೇರಳದವರಲ್ವಾ, ನಮಗೆ ಕೊಡ್ತಾರಾ?” ಕೊಡುತ್ತಾರೆ. ಸಿಇಟಿಯ ಅರ್ಹತಾ ನಿಯಮಗಳಲ್ಲಿ ಗಡಿನಾಡ ಕನ್ನಡಿಗರು ಎಂಬ ಒಂದು ಕಲಮು ಇದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು ಅದರಲ್ಲಿ ಹೆಸರು ಹಿಡಿದು ಇವೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳೂ ಇವೆ, ಆ ಕಡೆಯ ಓದುಗರು ಗಮನಿಸಿ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಆ ಪ್ರದೇಶದ ಶಾಲೆಗಳಲ್ಲಿ ಓದಿದ್ದಕ್ಕೆ ವ್ಯಾಸಂಗ ಪತ್ರ ಬೇಕು. ಸಿಇಟಿಯ ಜೊತೆಗೆ ಕನ್ನಡ ಭಾಷಾ ಪರೀಕ್ಷೆಯೊಂದನ್ನೂ ಬರೆದು ಪಾಸಾಗಬೇಕು. ನಮ್ಮ ಶಾಲೆಯಲ್ಲಿ ಕನ್ನಡ ಓದಿದ ಮಗುವಿಗೆ ಅದು ನೀರು ಕುಡಿದಷ್ಟು ಸುಲಭ. ಭಾಷಾ ಪರೀಕ್ಷೆ ಸಿಇಟಿಯ ದಿನವೇ ಇರುವುದಿಲ್ಲ, ಅದಕ್ಕೆ ಬೇರೆ ದಿನಾಂಕ. ಅರ್ಜಿ ಹಾಕಿದ ಮೇಲೂ ಅದನ್ನು ಮರೆತು ಸೀಟು ಕಳೆದುಕೊಂಡವರನ್ನು ನೋಡಿದ್ದೇನೆ.

ಇನ್ನೊಂದು ಕಿಟಕಿ ಭಾರತೀಯ ಕೃಷಿ ಸಂಶೋಧನಾ ಮಂಡಳಿ, ಅಂದರೆ ಐಸಿಎಆರ್‌ನದ್ದು. ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳ ಸೀಟಿನಲ್ಲಿ ಒಂದು ಪಾಲನ್ನು ಅಖಿಲ ಭಾರತ ಮಟ್ಟದಲ್ಲಿ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ತುಂಬುತ್ತಾರೆ. ಇದರಲ್ಲಿ ಮಾತೃಭಾಷೆಯ ಪ್ರಶ್ನೆ ಬರುವುದಿಲ್ಲ, ಮಲಯಾಳ, ಕೊಂಕಣಿ, ಮರಾಠಿ ಮನೆಯ ಮಕ್ಕಳೂ ಪ್ರಯತ್ನಿಸಬಹುದು. ತನ್ನ ರಾಜ್ಯ ಬಿಟ್ಟು ಬೇರೆ ರಾಜ್ಯದಲ್ಲಿ ಸೇರಿದವರಿಗೆ ನ್ಯಾಷನಲ್ ಟ್ಯಾಲೆಂಟ್ ಸ್ಕಾಲರ್‌ಷಿಪ್ ಎಂದು ತಿಂಗಳು ತಿಂಗಳು ಹಣ ಬರುತ್ತದೆ. ಕೇರಳದ ವಿಳಾಸ ನಮಗೆ ಲಾಭ ತರುವ ಅಪರೂಪದ ಜಾಗ ಇದು.

ಸಿಇಟಿ ಬೇಡ, ಸಾಮಾನ್ಯ ಬಿಎಸ್ಸಿಯೇ ಸಾಕು ಎನ್ನುವ ಹುಡುಗಿಯರಿಗೆ ಬೆಂಗಳೂರಿನ ವಿಎಚ್‌ಡಿ ಗೃಹವಿಜ್ಞಾನ ಕಾಲೇಜು ಇದೆ, ಸರಕಾರದ್ದು, ಪೋಷಣೆಯಲ್ಲಿ ಎಂಎಸ್ಸಿ ತನಕ ಅಲ್ಲೇ ಓದಬಹುದು. ಬೆಂಗಳೂರಿನ ಖರ್ಚು ಮಾತ್ರ ಬೆಂಗಳೂರಿನದ್ದೇ. ಕರ್ನಾಟಕದ ಪದವಿ ಕಾಲೇಜುಗಳ ಅರ್ಜಿ ಯುಯುಸಿಎಂಎಸ್ ಜಾಲತಾಣದಲ್ಲಿ. ಕೇರಳ ಬೋರ್ಡಿನಿಂದ ಬರುವವರು ಮೈಗ್ರೇಷನ್ ಸರ್ಟಿಫಿಕೇಟು ಮೊದಲೇ ತೆಗೆದಿಟ್ಟುಕೊಳ್ಳಿ.

ಕೊಯಮತ್ತೂರಿನ ಅವಿನಾಶಿಲಿಂಗಂ ಬಗ್ಗೆಯೂ ಕೇಳುತ್ತಾರೆ. 1957ರಲ್ಲಿ ಶುರುವಾದ ಹೋಂ ಸೈನ್ಸ್ ಕಾಲೇಜು, ಈಗ ಮಹಿಳೆಯರ ಡೀಮ್ಡ್ ವಿಶ್ವವಿದ್ಯಾಲಯ, ಪೋಷಣಾ ತಜ್ಞೆ ರಾಜಮ್ಮಾಳ್ ದೇವದಾಸ್ ಬೆಳೆಸಿದ ಜಾಗ. ಹೆಸರು ದೊಡ್ಡದು, ಮಂಗಳೂರಿನಿಂದ ನೇರ ರೈಲೂ ಇದೆ. ಬಿಎಸ್ಸಿಗಿಂತ ಎಂಎಸ್ಸಿಗೆ ಅಲ್ಲಿಗೆ ಹೋಗುವುದು ಜಾಣತನ ಎಂದು ನನ್ನ ಅಭಿಪ್ರಾಯ.

ಸುತ್ತುದಾರಿ, ಆದರೆ ಕೆಟ್ಟದಲ್ಲ

ಮನೆಯಿಂದ ದೂರ ಕಳಿಸಲು ಆಗದ ಮನೆಗಳಿಗೆ ನಾನು ಹೇಳುವುದು ಇದು. ಕಾಸರಗೋಡು ಸರಕಾರಿ ಕಾಲೇಜಿನಂಥ ಹತ್ತಿರದ ಕಡೆ ಕೆಮಿಸ್ಟ್ರಿಯೋ ಜುವಾಲಜಿಯೋ ಓದಲಿ, ಮಧ್ಯಾಹ್ನ ಮನೆಯ ಬುತ್ತಿ ಉಣ್ಣಲಿ. ಉಳಿದ ದುಡ್ಡನ್ನು ಎಂಎಸ್ಸಿಗೆ ಇಡಿ. ರಸಾಯನಶಾಸ್ತ್ರ, ಬಯೋಕೆಮಿಸ್ಟ್ರಿ, ಮೈಕ್ರೊಬಯಾಲಜಿ ಓದಿದವರನ್ನು ಫುಡ್ ಸೈನ್ಸ್ ಎಂಎಸ್ಸಿಗೆ ಹಲವು ಕಡೆ ತೆಗೆದುಕೊಳ್ಳುತ್ತಾರೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಎರಡು ವರ್ಷದ ಎಂಎಸ್ಸಿ ಫುಡ್ ಟೆಕ್ನಾಲಜಿ ಇದೆ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆಯ ವಿಭಾಗವೇ ಇದೆ. ಅಲ್ಲಿ ಯಾವ ಯಾವ ವಿಷಯ ಕೇಳುತ್ತಾರೆಂದು ಪ್ಲಸ್ ಟು ಮುಗಿದಾಗಲೇ ನೋಡಿ ಬಿಎಸ್ಸಿ ಆರಿಸಿದರೆ ಸಾಕು. ಆಸ್ಪತ್ರೆಯ ಡಯಟೀಷಿಯನ್ನೇ ಆಗಬೇಕೆಂದು ಹಟ ಹಿಡಿದವರಿಗೆ ಮಾತ್ರ ಈ ದಾರಿ ಹೇಳುವುದಿಲ್ಲ. ಅದಕ್ಕೆ ಬಿಎಸ್ಸಿಯಿಂದಲೇ ಪೋಷಣೆ ಬೇಕು.

ಸಮುದಾಯದ ಆರೋಗ್ಯದ ಕಡೆ ಮನಸ್ಸಿದ್ದರೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಬ್ಲಿಕ್ ಹೆಲ್ತ್ ಸ್ನಾತಕೋತ್ತರ ಪದವಿ ನಮ್ಮ ಜಿಲ್ಲೆಯಲ್ಲೇ ಇದೆ. ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಎಣ್ಮಕಜೆ, ಬೆಳ್ಳೂರು, ಮುಳಿಯಾರಿನಲ್ಲಿ ನುಂಗಲು ಕಷ್ಟಪಡುವ ಮಕ್ಕಳಿಗೆ ದಿನಾ ಏನು ಉಣಿಸಬೇಕೆಂದು ಅಮ್ಮಂದಿರಿಗೆ ಕನ್ನಡದಲ್ಲಿ ಕೂತು ಹೇಳುವವರು ಎಷ್ಟು ಜನ ಇದ್ದಾರೆ? ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜು ಎದ್ದಿದೆ, ಅದಕ್ಕೂ ಇವರು ಬೇಕಾಗುತ್ತಾರೆ.

ಪುಕ್ಕಟೆ ಕಾಲೇಜು ದುಬಾರಿಯಾಗುವ ಬಗೆ

ಅಕ್ಕನ ಮುಂದೆ ಕೂತು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದದ್ದು ಹೀಗೆ. ಅಂಕೆಗಳು ಲೆಕ್ಕದ ರೀತಿ ತೋರಿಸಲು ಹಿಡಿದವು, ನಿಮ್ಮ ಕಾಲೇಜಿನದ್ದನ್ನು ನೀವು ಹಾಕಿಕೊಳ್ಳಿ.

ಮಂಗಳೂರಿನ ಖಾಸಗಿ ಕಾಲೇಜು, ವರ್ಷಕ್ಕೆ ಫೀಸು ₹60,000. ಮನೆಯಿಂದ ಹೋಗಿ ಬರಲು ತಿಂಗಳಿಗೆ ₹1,500, ಹತ್ತು ತಿಂಗಳಿಗೆ ₹15,000. ಒಟ್ಟು ₹75,000. ಮೂರು ವರ್ಷಕ್ಕೆ ₹2,25,000.

ದೂರದ ಸರಕಾರಿ ಕಾಲೇಜು, ಫೀಸು ₹10,000. ಹಾಸ್ಟೆಲು ಮತ್ತು ಮೆಸ್ಸು ತಿಂಗಳಿಗೆ ₹6,000, ಹತ್ತು ತಿಂಗಳಿಗೆ ₹60,000. ಊರಿಗೆ ಬಂದು ಹೋಗಲು ಆರು ಸಲ, ಸಲಕ್ಕೆ ₹1,200, ಅಂದರೆ ₹7,200. ಒಟ್ಟು ₹77,200. ಮೂರು ವರ್ಷಕ್ಕೆ ₹2,31,600. ಕೃಷಿ ವಿಶ್ವವಿದ್ಯಾಲಯದ ಹಾಗೆ ನಾಲ್ಕು ವರ್ಷದ ಕೋರ್ಸಾದರೆ ₹3,08,800.

ಅಕ್ಕ ಪೆನ್ನು ಕೆಳಗಿಟ್ಟಳು. “ಹಾಗಾದ್ರೆ ಸರಕಾರಿ ಅಗ್ಗ ಅನ್ನುದು ಎಂತದ್ದು?”

ಮನೆ ಹತ್ತಿರ ಇದ್ದರೆ ಅಗ್ಗ. ಸರಕಾರಿ ಹಾಸ್ಟೆಲು ಸಿಕ್ಕಿದರೆ ಅಗ್ಗ, ಆಗ ಅದೇ ₹60,000 ಅರ್ಧಕ್ಕೂ ಇಳಿಯಬಹುದು. ವಿದ್ಯಾರ್ಥಿವೇತನ ಬಂದರೆ ಅಗ್ಗ. ಪ್ಲಸ್ ಟುವಿನಲ್ಲಿ ಬೋರ್ಡಿನ ಮೊದಲ ಶೇಕಡಾ 20ರೊಳಗೆ ಇದ್ದು, ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ ಕೇಂದ್ರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಷಿಪ್ಪಿಗೆ ಅರ್ಜಿ ಹಾಕಬಹುದು, ಪದವಿಯಲ್ಲಿ ವರ್ಷಕ್ಕೆ ₹12,000. ರಾಷ್ಟ್ರೀಯ ಸ್ಕಾಲರ್‌ಷಿಪ್ ಪೋರ್ಟಲಿನಲ್ಲಿ ಪ್ರತಿ ವರ್ಷ ನವೀಕರಿಸಬೇಕು. ಎರಡನೆಯ ವರ್ಷ ಮರೆಯುವವರೇ ಹೆಚ್ಚು.

ಇದಕ್ಕೆ ಇನ್ನೊಂದು ಸಾಲು ಸೇರಿಸಿ: ಪ್ರಾಕ್ಟಿಕಲ್‌ನ ಸಾಮಾನು. ಕೆಲವು ಕಾಲೇಜುಗಳಲ್ಲಿ ಅಕ್ಕಿ, ಬೇಳೆ, ಹಾಲು, ತರಕಾರಿ ಕಾಲೇಜಿನದ್ದು. ಕೆಲವು ಕಡೆ ಮಕ್ಕಳೇ ತರಬೇಕು. ವಾರಕ್ಕೊಂದು ಅಡುಗೆ ಪ್ರಾಕ್ಟಿಕಲ್ ಇದ್ದರೆ ವರ್ಷದ ಕೊನೆಗೆ ಅದೇನೂ ಸಣ್ಣ ಮೊತ್ತವಲ್ಲ.

ಕಾಲೇಜಿಗೆ ಹೋದಾಗ ಆಫೀಸಿನಲ್ಲಿ ಕೂರಬೇಡಿ

ಅಡುಗೆ ಪ್ರಯೋಗಾಲಯ ನೋಡಬೇಕು ಎಂದು ಕೇಳಿ. ಅಕ್ಕ, ಅವಳ ಮಗಳು, ನಾನು ಮೂವರೂ ಎರಡು ಕಾಲೇಜಿಗೆ ಹೋದೆವು. ಮೊದಲನೆಯದರಲ್ಲಿ ಗ್ರಾನೈಟು ಹಾಸಿದ ಕೋಣೆ, ಗೋಡೆ ತುಂಬ ಆಹಾರ ಪಿರಮಿಡ್ಡಿನ ಬಣ್ಣದ ಚಿತ್ರಗಳು, ನಾಲ್ಕು ಒಲೆ. ಒಂದು ತಂಡದಲ್ಲಿ ಎಷ್ಟು ಜನ ಎಂದು ಕೇಳಿದೆ, ಮೂವತ್ತು ಅಂದರು. ತಕ್ಕಡಿ ಬೀರುವಿನೊಳಗೆ, ಬೀಗದ ಕೈ ಇರುವವರು ಅಂದು ರಜೆ. ಎರಡನೆಯದು ಹಳೆಯ ಕಟ್ಟಡ. ಸಿಂಕಿನ ಬಾಯಿ ತುಕ್ಕು ಹಿಡಿದಿತ್ತು, ಆದರೆ ಪ್ರತಿ ಮೇಜಿನ ಮೇಲೂ ಒಂದು ತಕ್ಕಡಿ. ಒಂದರ ತಟ್ಟೆಯ ಅಂಚಿಗೆ ಕಡಲೆಹಿಟ್ಟು ಒಣಗಿ ಅಂಟಿತ್ತು. ನನಗೆ ಅದು ಸಾಕಾಯಿತು.

ತಕ್ಕಡಿಗೆ ಇಷ್ಟು ಮಹತ್ವ ಯಾಕೆಂದು ಅಕ್ಕನ ಮಗಳು ಕೇಳಿದಳು. ನನ್ನ ಇಂಟರ್ನ್‌ಷಿಪ್ಪಿನ ಮೊದಲ ವಾರ ಬಂದ್ಯೋಡಿನ ಒಬ್ಬರು ಬ್ಯಾರಿ ಅಜ್ಜಿ ವಾರ್ಡಿನಲ್ಲಿದ್ದರು, ಸಕ್ಕರೆ ಕಾಯಿಲೆ. ನಾನು ಪುಸ್ತಕದಲ್ಲಿದ್ದ ಪಟ್ಟಿಯನ್ನು ಬರೆದುಕೊಟ್ಟೆ: ಬೆಳಗ್ಗೆ ಎರಡು ಚಪಾತಿ, ಒಂದು ಲೋಟ ಕೆನೆ ತೆಗೆದ ಹಾಲು. ಅಜ್ಜಿ ಕಾಗದವನ್ನು ಮಡಚಿ ದಿಂಬಿನಡಿ ಇಟ್ಟು, “ಮಗಳೇ, ನಾನು ಬೆಳಿಗ್ಗೆ ಗಂಜಿ ಕುಡಿಯುವವಳು” ಅಂದರು. ಎಷ್ಟು ಗಂಜಿ? ಒಂದು ಬಟ್ಟಲು. ಅದರಲ್ಲಿ ಅನ್ನ ಎಷ್ಟು, ತಿಳಿ ಎಷ್ಟು? ಪುಸ್ತಕದಲ್ಲಿ 30 ಗ್ರಾಂ ಹಸಿ ಅಕ್ಕಿಗೆ ಸುಮಾರು 100 ಕ್ಯಾಲೊರಿ ಎಂದಿದೆ, ಬಟ್ಟಲಿನ ಲೆಕ್ಕ ಇಲ್ಲ. ಆ ರಾತ್ರಿ ಹಾಸ್ಟೆಲಿನಲ್ಲಿ ಕುಚ್ಚಲಕ್ಕಿಯನ್ನು 30, 60, 90 ಗ್ರಾಂ ಎಂದು ತೂಗಿ ಬೇರೆ ಬೇರೆ ಬೇಯಿಸಿ, ತಿಳಿ ಬಸಿದು, ಬಟ್ಟಲಿನಲ್ಲಿ ಎಲ್ಲಿಯ ತನಕ ಬರುತ್ತದೆಂದು ಗೆರೆ ಹಾಕಿದೆ. ಮರುದಿನ ಅಜ್ಜಿಗೆ ಆ ಬಟ್ಟಲನ್ನೇ ತೋರಿಸಿ, ಅನ್ನ ಈ ಗೆರೆಯ ತನಕ, ತಿಳಿ ಬೇಕಾದಷ್ಟು, ಜೊತೆಗೆ ಬೇಯಿಸಿದ ಹೆಸರುಕಾಳು, ಉಪ್ಪಿನಕಾಯಿ ಬೆರಳ ತುದಿಯಷ್ಟು ಅಂದೆ. ಕಾಲೇಜಿನಲ್ಲಿ ತೂಗಿ ತೂಗಿ ಕೈ ಪಳಗಿದ್ದರಿಂದ ಅದು ಹೊಳೆಯಿತು. ಬೀಗ ಹಾಕಿದ ತಕ್ಕಡಿಯಿಂದ ಬರುವ ವಿದ್ಯೆ ಅದಲ್ಲ.

ಆಮೇಲೆ ಕ್ಯಾಂಟೀನಿಗೆ ಹೋಗಿ ಕೊನೆಯ ವರ್ಷದ ಹುಡುಗಿಯರನ್ನು ಮಾತಾಡಿಸಿ. “ಯಾವ ಆಸ್ಪತ್ರೆಗೆ ಕಳಿಸಿದ್ರು, ಎಷ್ಟು ದಿನ ಇದ್ರಿ, ಅಲ್ಲಿ ಎಂತ ಮಾಡಿದ್ರಿ?” ಎಂಬ ಮೂರು ಪ್ರಶ್ನೆ ಸಾಕು. “ಒಂದು ದಿನ ಕರ್ಕೊಂಡು ಹೋಗಿ ಅಡುಗೆಮನೆ ತೋರಿಸಿದ್ರು” ಎಂದರೆ ಆ ಕಾಲೇಜಿಗೆ ಆಸ್ಪತ್ರೆಯ ನಂಟಿಲ್ಲ. ಪಾಠ ಮಾಡುವವರು ಕಾಯಂ ಇದ್ದಾರಾ, ಸೆಮಿಸ್ಟರಿಗೊಬ್ಬರು ಬದಲಾಗುತ್ತಾರಾ ಎಂಬುದೂ ಅವರ ಬಾಯಿಂದಲೇ ತಿಳಿಯುತ್ತದೆ.

ಸೀಟು ಹಿಡಿಯಲು ಮೂಲ ಅಂಕಪಟ್ಟಿ ಇಟ್ಟುಹೋಗಿ ಎಂದರೆ ಒಪ್ಪಬೇಡಿ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. ಪರಿಶೀಲಿಸಿ ಅಲ್ಲೇ ಹಿಂದೆ ಕೊಡಬೇಕು. ಗಡಿಯ ಮಕ್ಕಳು ಎರಡೂ ರಾಜ್ಯಗಳ ಪಟ್ಟಿಗೆ ಕಾಯುವವರು, ಇಲ್ಲಿ ಕಾಗದ ಸಿಕ್ಕಿಹಾಕಿಕೊಂಡರೆ ಅಲ್ಲಿಯ ಸೀಟೂ ಹೋಯಿತು. ಕರ್ನಾಟಕದಲ್ಲಿ ಓದಿ ಕೇರಳ ಪಿಎಸ್‌ಸಿ ಬರೆಯುವ ಯೋಚನೆ ಇದ್ದರೆ, ಪದವಿಯ ಮಾನ್ಯತೆಯ ಕಾಗದವನ್ನು ಕೋರ್ಸು ಮುಗಿದ ಕೂಡಲೇ ಮಾಡಿಸಿಕೊಳ್ಳಿ, ಅಧಿಸೂಚನೆ ಬಂದ ಮೇಲೆ ಓಡಬೇಡಿ.

ಅಕ್ಕನ ಮಗಳು ತುಕ್ಕು ಹಿಡಿದ ಸಿಂಕಿನ ಕಾಲೇಜಿಗೇ ಸೇರಿದಳು. ಬೆಳಗ್ಗೆ ಕುಂಬಳೆಯಿಂದ ರೈಲು. ಅವಳ ತಂಗಿ ಈಗ ಪ್ಲಸ್ ವನ್. ಈ ಓಣಂ ರಜೆಯಲ್ಲಿ ಅಕ್ಕ ಸರಕಾರಿ ಅರ್ಜಿಗಳನ್ನು ಹಾಕುವ ಅಕ್ಷಯ ಕೇಂದ್ರಕ್ಕೆ ಹೋಗಿ ನೇಟಿವಿಟಿ ಸರ್ಟಿಫಿಕೇಟಿಗೆ ಅರ್ಜಿ ಹಾಕಿ ಬಂದಿದ್ದಾಳೆ. ಒಂದನೆಯಿಂದ ಹತ್ತನೆಯ ತನಕದ ವ್ಯಾಸಂಗ ಪತ್ರಕ್ಕೆ ಹೆಡ್‌ಮಾಸ್ಟರ ರುಜು ಆಗಿದೆ, ಸೀಲು ಸರಿಯಾಗಿ ಮೂಡಿಲ್ಲವೆಂದು ಸೋಮವಾರ ಮತ್ತೆ ಹೋಗಲಿಕ್ಕುಂಟಂತೆ.